ಕುದುರಿ ಪುರಾಣ

ನಮ್ಮ ಮನೆಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಹೂಂ ಎನ್ನುವುದು. ಕಸ ಗುಡಿಸುವುದು, ನೀರು ತರುವುದು, ಅಂಗಡಿಗೆ ಓಡುವುದು ಎಲ್ಲ ಆಮೇಲೆ ಬಂದವು. ದೇವದುರ್ಗದ ನಮ್ಮ ಓಣಿಯಲ್ಲಿ ಯಾರು ಕಥೆ ಹೇಳಿದರೂ, ಯಾರು ಪುರಾಣ ಓದಿದರೂ, ಪ್ರತಿ ಮಾತಿನ ಕೊನೆಗೆ ಕೇಳುವವರಲ್ಲಿ ಒಬ್ಬರು ಹೂಂ ಅನ್ನಬೇಕಿತ್ತು. ಹೂಂ ಬರದಿದ್ದರೆ ಹೇಳುವವರು ಮುಂದಿನ ಮಾತಿಗೆ ಹೋಗುತ್ತಿರಲಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಬಹಳ ವರ್ಷ ತಾನೇ ಹೂಂ ಅನ್ನುತ್ತಿದ್ದಳಂತೆ. ಕಣ್ಣಿನಲ್ಲಿ ಪೊರೆ ಬೆಳೆದು, ಉಸಿರು ಸಣ್ಣದಾದ ಮೇಲೆ ಆ ಕೆಲಸವನ್ನು ನನಗೆ ಒಪ್ಪಿಸಿದಳು.

"ನನ್ನ ಹೂಂ ಇನ್ನ ಮ್ಯಾಲೆ ನೀ ಅನ್ನು, ನೀಲಾ. ನಿದ್ದಿ ಗಿದ್ದಿ ಮಾಡೀಯ ಮತ್ತ. ನೀ ಮಲಗಿದ್ರ ನಾ ಮಲಗಿದಂಗ."

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರ ಬೆನ್ನಿಗೆ ಅಡುಗೆಮನೆ. ಪಡಸಾಲೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಮಳೆ ಬಂದರೆ ಅದರ ಮೇಲೆ ಮಡಕೆ ಬೋರಲು ಹಾಕುತ್ತಿದ್ದೆವು. ಮಧ್ಯಾಹ್ನದ ಊಟವಾಗುವ ಹೊತ್ತಿಗೆ ಅಲ್ಲಿಂದ ಇಳಿದ ಬಿಸಿಲು ಬೀಸುಕಲ್ಲಿನ ಪಕ್ಕ ಒಂದು ಚೌಕವಾಗಿ ಬೀಳುತ್ತಿತ್ತು. ಆ ಚೌಕ ಮೆಲ್ಲಗೆ ಸರಿದು ಕಂಬದ ಬುಡ ಮುಟ್ಟಿ, ಕಂಬ ಹತ್ತಿ, ಮಸುಕಾಗುತ್ತಿತ್ತು. ನಮ್ಮ ಮನೆಯಲ್ಲಿ ಓದುವುದಿದ್ದರೆ ಆ ಚೌಕದೊಳಗೇ. ಗೌರಕ್ಕ ಓದುತ್ತ ಓದುತ್ತ ಬಿಸಿಲಿನ ಜೊತೆ ತಾನೂ ಸರಿಯುತ್ತಿದ್ದಳು. ಅವಳ ಹಿಂದೆ ನಾನು, ನನ್ನ ಹಿಂದೆ ಹತ್ತಿಯ ಚೀಲ ಎಳೆದುಕೊಂಡು ಆಯಿ. ಅಪ್ಪ ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲಿನ ಗುಮಾಸ್ತ. ವಾರವೆಲ್ಲ ಅಲ್ಲಿದ್ದು ಶನಿವಾರ ಸಂಜೆ ಬಸ್ಸಿಗೆ ಬರುವಾಗ ಆಯಿಗೆ ಒಂದಿಷ್ಟು ಹತ್ತಿ ತರುತ್ತಿದ್ದರು. ಆಯಿ ದಿನವಿಡೀ ದೀಪದ ಬತ್ತಿ ಹೊಸೆಯುತ್ತಿದ್ದಳು. ನಮ್ಮ ಮನೆಗೆ ಅಷ್ಟು ಬತ್ತಿ ಬೇಕಿರಲಿಲ್ಲ. ಓಣಿಯ ಎಲ್ಲ ಮನೆಗಳ ದೇವರ ಗೂಡಿಗೂ ಅವಳ ಬತ್ತಿಗಳೇ ಹೋಗುತ್ತಿದ್ದವು.

ಗೌರಕ್ಕ ನನಗಿಂತ ಏಳೆಂಟು ವರ್ಷ ದೊಡ್ಡವಳು. ಏಳನೆಯ ಇಯತ್ತೆ ಮುಗಿದ ಮೇಲೆ ಅವಳನ್ನು ಶಾಲೆ ಬಿಡಿಸಿದ್ದರು. ಯಾರೂ ಜಗಳವಾಡಿ ಬಿಡಿಸಿದ್ದಲ್ಲ. ಮುಂದಿನ ವರ್ಷದ ಪಾಟಿಚೀಲ ಯಾರೂ ಕೇಳಲಿಲ್ಲ, ಅಷ್ಟೆ. ಓದು ಬರುವವಳೆಂದು ಶ್ರಾವಣದಲ್ಲಿ ಅವಳಿಂದ ಪುರಾಣ ಓದಿಸುತ್ತಿದ್ದರು. ಮರದ ವ್ಯಾಸಪೀಠಕ್ಕೆ ಕುಂಕುಮ, ಎರಡು ಹೂವು. ಅಕ್ಕ ಮೊದಲು ಪುಸ್ತಕದಲ್ಲಿದ್ದ ಹಾಗೆ ಒಂದು ಮಾತು ಓದಿ, ಆಮೇಲೆ ಅದನ್ನೇ ನಮ್ಮ ಮನೆಯ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ. ಓದುವುದು, ಅರ್ಥ ಹೇಳುವುದು, ಹೂಂ ಎನ್ನುವುದು. ಹೀಗೆ ಮೂರು ಹೆಜ್ಜೆಯಲ್ಲಿ ಪುರಾಣ ನಡೆಯುತ್ತಿತ್ತು.

ಆ ವರ್ಷದ ಪುರಾಣ ಮುಗಿದು ಮಂಗಳವಾದ ಕೆಲವು ದಿನಕ್ಕೆ ಬಳೆಗಾರ್ತಿ ಮಹಬೂಬಬೀ ಬಂದಳು. ಅವಳ ಮನೆಮಾತು ದಖನಿ. ನಮ್ಮ ಕಟ್ಟೆ ಹತ್ತಿದ ಕೂಡಲೇ ಕನ್ನಡ. ಬಳೆ ಸುತ್ತಿ ಕೊಡಲು ಅವಳು ರಾಯಚೂರಿನಿಂದ ರದ್ದಿ ತರುತ್ತಿದ್ದಳು. ಹಳೆಯ ಪೇಪರು, ಹಳೆಯ ಪಠ್ಯಪುಸ್ತಕ, ಏನು ಸಿಕ್ಕರೆ ಅದು. ಅಂದು ಅವ್ವನ ಹಸಿರು ಬಳೆ ಸುತ್ತಲು ಒಂದು ದಪ್ಪ ಪುಸ್ತಕದಿಂದ ಹಾಳೆ ಹರಿಯಲು ಕೈ ಹಾಕಿದಳು. ಅಕ್ಕ ಅವಳ ಕೈ ಹಿಡಿದುಬಿಟ್ಟಳು.

"ನಕ್ಕೋ ಖಾಲಾ, ಹರೀಬ್ಯಾಡ್ರಿ."

"ಅರೆ, ಇದರಾಗ ಏನದವ್ವ? ಬರೇ ಕುದುರಿ ಚಿತ್ರ."

"ಕುದುರೀಗಿ ರೆಕ್ಕಿ ಅದಾವಲ್ರಿ!"

ಮಹಬೂಬಬೀ ನಕ್ಕು ಪುಸ್ತಕವನ್ನು ಅಕ್ಕನ ಮಡಿಲಿಗೆ ಎಸೆದಳು. "ತಗೋ. ನಿನ್ನ ಲಗ್ನದ ಬಳಿ ನನ್ನ ಕಡೀನ ಇಡಿಸ್ಕೋಬೇಕು ನೋಡು ಮತ್ತ."

ಪುಸ್ತಕಕ್ಕೆ ಹೊದಿಕೆ ಇರಲಿಲ್ಲ. ಮೊದಲ ಕೆಲವು ಹಾಳೆಗಳು ಆಗಲೇ ಯಾರದೋ ಬಳೆಗಳ ಜೊತೆ ಹೋಗಿದ್ದವು. ಬರೆದವರು ಯಾರು, ಕನ್ನಡಕ್ಕೆ ತಂದವರು ಯಾರು, ಯಾವ ದೇಶದ ಕಥೆ, ಒಂದೂ ಗೊತ್ತಾಗಲಿಲ್ಲ. ಇಂದಿಗೂ ಗೊತ್ತಿಲ್ಲ. ಕಥೆ ಇಷ್ಟು: ಒಂದು ದ್ವೀಪದ ರಾಜಕುಮಾರನಿಗೆ ಶಾಪವಿದೆ. ಅವನನ್ನು ಕಂಡವರೆಲ್ಲ ಹೊತ್ತು ಮುಳುಗುವುದರೊಳಗೆ ಅವನನ್ನು ಮರೆಯುತ್ತಾರೆ. ಹೆತ್ತ ತಾಯಿಯೂ ದಿನಾ ಬೆಳಿಗ್ಗೆ ನೀನು ಯಾರು ಎಂದು ಕೇಳುತ್ತಾಳೆ. ಅಂಬಿಗನ ಮಗಳು ಲಿಯಾನಾ ಒಬ್ಬಳು ಮಾತ್ರ ಮರೆಯುವುದಿಲ್ಲ. ಶಾಪ ಬಿಡಿಸುವ ದಾರಿ ಹುಡುಕಿ ಅವಳು ರೆಕ್ಕೆಯ ಕುದುರೆ ಏರಿ ಹಿಮದ ಬೆಟ್ಟಗಳಾಚೆಗೆ ಹೊರಡುತ್ತಾಳೆ.

ಅಕ್ಕ ಅದನ್ನು ಮನಸ್ಸಿನಲ್ಲೇ ಓದಿಕೊಳ್ಳಬಹುದಿತ್ತು. ಆದರೆ ಅವಳಿಗೆ ಗಟ್ಟಿಯಾಗಿ ಓದುವುದೊಂದೇ ಗೊತ್ತಿತ್ತು. ಬೆಳಕಿನ ಚೌಕದಲ್ಲಿ ಕುಳಿತು ಓದಲು ಶುರು ಮಾಡಿದಳು. ಅಭ್ಯಾಸದಂತೆ ಪುಸ್ತಕದ ಮಾತು ಮೊದಲು, ನಮ್ಮ ಮಾತು ಆಮೇಲೆ. ನಾನೂ ಅಭ್ಯಾಸದಂತೆ ಹೂಂ ಅಂದೆ. ಮೂಲೆಯಲ್ಲಿ ಆಯಿಯ ಕೈ ನಿಂತಿತು.

"ಇದ್ಯಾವ ಪುರಾಣ ಬೇ ಗೌರಿ?"

ಅಕ್ಕ ಕುದುರೆಯ ಚಿತ್ರದ ಮೇಲೆ ಕಣ್ಣಿಟ್ಟು, "ಕುದುರಿ ಪುರಾಣ," ಅಂದಳು.

"ನೆಲದ ಮ್ಯಾಲೆ ಇಟ್ಕೊಂಡು ಓದ್ತಿಯಲ್ಲ, ಪಾಪ ಹತ್ತಲ್ಲೇನು? ಪೀಠ ತಗೋ. ಕುಂಕುಮ ಹಚ್ಚು."

ಹೀಗೆ ಬಳೆ ಸುತ್ತುವ ರದ್ದಿ ವ್ಯಾಸಪೀಠ ಏರಿತು. ಅವ್ವನಿಗೆ ಸಿಟ್ಟು ಬಂತು. ಅವಳು ಓದಿದವಳಲ್ಲ, ಆದರೆ ಒಂದು ಹುಡುಗಿ ಕುದುರೆ ಏರಿ ಗಂಡಸನ್ನು ಹುಡುಕಿಕೊಂಡು ಹೋಗುವುದು ಯಾವ ಪುರಾಣದಲ್ಲೂ ಬರುವುದಿಲ್ಲ ಎಂಬಷ್ಟು ಗೊತ್ತಿತ್ತು. "ಮುದುಕಿಗಿ ಕಣ್ಣಿಲ್ಲಂತ ಏನರೆ ಓದ್ತೀಯೇನು?" ಎಂದು ಒಳಗಿನಿಂದಲೇ ಬೈದಳು. ಬೈಯುತ್ತಲೇ ಕೇಳಿದಳು. ಕಥೆ ಕಷ್ಟದ ಜಾಗಕ್ಕೆ ಬಂದಾಗಲೆಲ್ಲ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತಿದ್ದುದನ್ನು ನಾನು ಬಲ್ಲೆ. ಅಂಥ ದಿನ ರೊಟ್ಟಿ ಸೀದಿರುತ್ತಿದ್ದವು.

ಆ ಪುಸ್ತಕ ನಮ್ಮನ್ನು ಏಕೆ ಹಾಗೆ ಹಿಡಿಯಿತು ಎಂದು ಬಹಳ ಸಲ ಯೋಚಿಸಿದ್ದೇನೆ. ಹಾರುವ ಕುದುರೆಯೊಂದೇ ಕಾರಣವಲ್ಲ. ಹಾರುವ ಕುದುರೆ ನಮ್ಮ ಆಯಿಯ ಕಥೆಗಳಲ್ಲೂ ಇದ್ದವು. ಅದರ ಕನ್ನಡ ಬೇರೆಯಾಗಿತ್ತು. ಬೇರೆ ಯಾವುದೋ ಭಾಷೆಯಿಂದ ಬಂದು, ಇನ್ನೂ ಪ್ರಯಾಣದ ಧೂಳು ಕೊಡವಿಕೊಳ್ಳದೆ ನಿಂತಂತಿದ್ದ ಕನ್ನಡ. ಅಲ್ಲಿನ ಗಂಡಸು ಹೆಂಗಸಿಗೆ "ದಯವಿಟ್ಟು ಕುಳಿತುಕೋ" ಅನ್ನುತ್ತಿದ್ದ. "ನನ್ನನ್ನು ಕ್ಷಮಿಸು" ಅನ್ನುತ್ತಿದ್ದ. ಮೊದಲ ಸಲ ಆ ಮಾತು ಬಂದಾಗ ಅಕ್ಕ ಅದನ್ನು ನಮ್ಮ ಮಾತಿಗೆ ತರಲು ಹೋಗಿ ತಡವರಿಸಿದಳು. ನಮ್ಮ ಮನೆಯಲ್ಲಿ ಯಾವ ಗಂಡಸೂ ಯಾವ ಹೆಂಗಸಿಗೂ ಆಡದ ಮಾತು ಅದು, ಹೇಗೆ ತರುವುದು?

"ತಪ್ಪಾತು ಅಂದಾನ್ರಿ ಆಯಿ, ಆಕಿಗಿ," ಎಂದಳು ಕೊನೆಗೆ.

"ಯಾರು? ರಾಜನ ಮಗ? ಅಂಬಿಗರ ಹುಡುಗಿಗಿ?"

"ಹೂಂ ರೀ."

"ಇನ್ನೊಮ್ಮಿ ಓದು."

ಅಕ್ಕ ಇನ್ನೊಮ್ಮೆ ಓದಿದಳು. ಅಡುಗೆಮನೆಯಲ್ಲಿ ಸಪ್ಪಳವಿರಲಿಲ್ಲ.

ಹಿಮ ಎಂದರೆ ಏನೆಂದು ನಮಗಾರಿಗೂ ಗೊತ್ತಿರಲಿಲ್ಲ. ಅಕ್ಕ ಆಯಿಯ ಚೀಲದಿಂದ ಹತ್ತಿ ತೆಗೆದು ಬೆಳಕಿಂಡಿಯ ಬಿಸಿಲಿನಲ್ಲಿ ಊದಿದಳು. "ಹಿಂಗ ಮ್ಯಾಲಿಂದ ಬೀಳ್ತದಂತ. ಆದ್ರ ತಣ್ಣಗ ಇರ್ತದಂತ." ಎಳೆಗಳು ಚೌಕದೊಳಗೆ ತೇಲಿ ಆಯಿಯ ಕೂದಲ ಮೇಲೆ ಕೂತವು. ಸಮುದ್ರ ಅಂದಾಗ ಆಯಿ ಹತ್ತಿರದ ಗೂಗಲ್ ಎಂಬ ಊರಿನ ಹೊಳೆ ನೆನೆದಳು. ಅಲ್ಲಮಪ್ರಭುವಿನ ಗುಡಿಯ ಮೆಟ್ಟಿಲ ಮೇಲೆ ನಿಂತು ಕೃಷ್ಣೆ ತುಂಬಿ ಹರಿದದ್ದನ್ನು ಅವಳು ಕಣ್ಣಿದ್ದಾಗ ಕಂಡಿದ್ದಳು. "ಆಚಿ ದಂಡಿ ಕಾಣಸದಂಗ ಇತ್ತು ನೋಡು. ಅದಾ ಸಮುದ್ರ," ಎಂದು ತೀರ್ಮಾನಿಸಿದಳು. ನಮಗೂ ಅದೇ ಸಮುದ್ರವಾಯಿತು.

ದಸರೆ ಕಳೆದ ಮೇಲಿನ ಒಂದು ಶನಿವಾರ ಅಪ್ಪ ಹತ್ತಿಯ ಜೊತೆ ಒಂದು ಸುದ್ದಿಯನ್ನೂ ತಂದರು. ಮಾನವಿಯಲ್ಲಿ ಒಂದು ವರ. ಕಿರಾಣಿ ಅಂಗಡಿ ಇದೆ. ಹೆಂಡತಿ ತೀರಿಕೊಂಡಿದ್ದಾಳೆ, ಎರಡು ಮಕ್ಕಳು. ವಯಸ್ಸು ಅಕ್ಕನದಕ್ಕಿಂತ ಬಹಳ ಹೆಚ್ಚು.

"ಮನಿತನ ಚಲೋ ಅದ. ಏನೂ ಕೇಳಾಕತ್ತಿಲ್ಲ. ಹುಡುಗಿ ಕೊಟ್ರ ಸಾಕು ಅಂತಾರ," ಅಂದರು ಅಪ್ಪ. ಅವರು ಕೆಟ್ಟವರಲ್ಲ. ನೆಲ ನೋಡಿಕೊಂಡೇ ಹೇಳಿದರು.

ಅಕ್ಕ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅದನ್ನು ಅಪ್ಪನ ಮುಂದಿಟ್ಟು ಒಳಗೆ ಹೋದಳು. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮಾತಾಡಿದವಳು ಆಯಿ.

"ಪುರಾಣ ಮುಗೀಲಿ."

"ಯಾವ ಪುರಾಣ ಬೇ?"

"ಮನ್ಯಾಗ ಹಚ್ಚೀವಲ್ಲ. ಹಚ್ಚಿದ ಪುರಾಣ ನಡುವ ಬಿಟ್ಟು ಲಗ್ನದ ಮಾತು ಎತ್ತಬಾರ್ದು. ಮಂಗಳ ಆಗಲಿ, ಆಮ್ಯಾಲೆ ಅಕ್ಕಿಕಾಳು."

ಅಪ್ಪ ತಾಯಿಯ ಮಾತು ಮೀರಿದವರಲ್ಲ. ಮುಂದಿನ ವಾರ ಮಾನವಿಯವರ ಉತ್ತರ ತಂದರು. ಉಗಾದಿಯವರೆಗೆ ದಾರಿ ನೋಡುತ್ತಾರೆ. ಅಷ್ಟರಲ್ಲಿ ಆಗದಿದ್ದರೆ ಲಿಂಗಸೂರಿನ ಕಡೆ ಬೇರೆ ಹೆಣ್ಣು ನೋಡಿದ್ದಾರೆ. ಮಕ್ಕಳಿಗೆ ರೊಟ್ಟಿ ಬಡಿಯುವವರು ಬೇಕಲ್ಲ.

ಅಲ್ಲಿಂದ ಅಕ್ಕ ನಿಧಾನವಾಗಿ ಓದತೊಡಗಿದಳು. ಓದಿದ್ದನ್ನೇ ಮತ್ತೆ ಓದಿದಳು. ಅರ್ಥ ಹೇಳುವುದನ್ನು ಉದ್ದ ಮಾಡಿದಳು. ಆದರೂ ಪುಸ್ತಕ ಪುಸ್ತಕವೇ, ಕರಗುತ್ತ ಬಂತು. ಚಳಿಗಾಲದ ಒಂದು ಬೆಳಿಗ್ಗೆ ಮಾಳಿಗೆಯ ಮೇಲೆ ಇಬ್ಬರೂ ಮೆಣಸಿನಕಾಯಿ ಹರವುತ್ತಿದ್ದಾಗ ಅವಳು ನನಗೆ ಹೇಳಿದಳು:

"ಇನ್ನ ಒಂದಾ ಹಾಳಿ ಉಳದದ ನೀಲಾ."

"ಓದಿ ಮುಗಸು. ಶಾಪ ಬಿಡ್ತದೋ ಇಲ್ಲೋ ನೋಡೂಣು."

"ಮುಗಸಿದ್ರ ನಾ ಮಾನವಿಗಿ ಹೋಗಬೇಕಾಗ್ತದ."

ನನಗೆ ಆಗ ಅರ್ಥವಾಯಿತು. ಆ ಬೆಳಿಗ್ಗೆಯ ಮೆಣಸಿನಕಾಯಿಯ ಘಾಟು ನನಗೆ ಇನ್ನೂ ನೆನಪಿದೆ. ಇಬ್ಬರೂ ಕಣ್ಣು ಒರೆಸಿಕೊಂಡೆವು. ಕೆಳಗಿನಿಂದ ಅವ್ವ, "ಖಾರದ ಕೈ ಕಣ್ಣಿಗಿ ಹಚ್ಚಬ್ಯಾಡ್ರೆ," ಎಂದು ಕೂಗಿದಳು.

ಆ ದಿನದಿಂದ ಅಕ್ಕ ಪುಸ್ತಕವನ್ನು ಓದಿ ಮುಗಿದ ಹಾಳೆಗಳಲ್ಲಿ ತೆರೆದು, ಒಂದೊಂದೇ ತಿರುವುತ್ತ, ಅದರಲ್ಲಿ ಇಲ್ಲದ್ದನ್ನು ಓದಿದಳು. ಮೊದಮೊದಲು ಆ ಪುಸ್ತಕದ ಕನ್ನಡವನ್ನೇ ಕಟ್ಟುತ್ತಿದ್ದಳು. "ಲಿಯಾನಾ ಮಂಜಿನ ಕಣಿವೆಯನ್ನು ಪ್ರವೇಶಿಸಿದಳು," ಎಂದು ಗಂಭೀರವಾಗಿ ಹೇಳಿ, ಆಮೇಲೆ ನಮ್ಮ ಮಾತಿಗೆ ಇಳಿಸುತ್ತಿದ್ದಳು. ದಿನ ಕಳೆದಂತೆ ಪುಸ್ತಕದ ಮಾತು ಕಡಿಮೆಯಾಗಿ ನಮ್ಮ ಮಾತೇ ಉಳಿಯಿತು. ಹಿಮದ ಬೆಟ್ಟದ ಬುಡದಲ್ಲಿ ಕವಿತಾಳದಂಥ ಒಂದು ಊರು ಬಂತು. ಕುದುರೆಗೆ ಜೋಳದ ಕಣಿಕೆ ಸಿಕ್ಕಿತು. ಒಂದು ದಿನ ಲಿಯಾನಾಳ ದಾರಿಗೆ ಒಬ್ಬ ಬಳೆಗಾರ್ತಿ ಅಡ್ಡ ಬಂದು, ಕಾವಲುಗಾರರ ಕಣ್ಣು ತಪ್ಪಿಸಲು ಅವಳನ್ನು ತನ್ನ ಬಳೆಬುಟ್ಟಿ ಹೊರುವ ಮಗಳೆಂದು ಹೇಳಿ ಕೋಟೆ ದಾಟಿಸಿದಳು. ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ಕೇಳುತ್ತಿದ್ದ ಮಹಬೂಬಬೀ ತೊಡೆ ತಟ್ಟಿಕೊಂಡಳು.

"ಯಾ ಅಲ್ಲಾ! ಇದರಾಗ ನಾ ಸೈತ ಬಂದೆನಲ್ಲ!"

ಒಳಗಿನಿಂದ ಅವ್ವ ಬಾಗಿಲಿಗೆ ಬಂದು ನಿಂತಳು. ಹಿಂದಿನ ದಿನವಷ್ಟೇ ಲಿಯಾನಾ ಪುಂಡಿಪಲ್ಯ ಉಂಡಿದ್ದಳು.

"ಗೌರಿ, ಆ ದೇಶದಾಗ ಪುಂಡಿ ಬೆಳೀತದೇನು?"

ಅಕ್ಕ ಪುಸ್ತಕದಿಂದ ತಲೆ ಎತ್ತಲಿಲ್ಲ. "ಬೆಳೀತದಂತ ಬರದಾರ."

ಅವ್ವ ಸ್ವಲ್ಪ ಹೊತ್ತು ಅವಳನ್ನು ನೋಡಿದಳು. "ಹಂಗಾರ ನಾಳಿ ಉಪ್ಪು ನೋಡಿ ಹಾಕಂತ ಹೇಳು ಆಕಿಗಿ," ಎಂದು ಒಳಗೆ ಹೋದಳು. ಪುರಾಣದ ವಿಷಯಕ್ಕೆ ಅವಳು ಮತ್ತೆ ಬೈಯಲಿಲ್ಲ.

ಶನಿವಾರ ಬಂದರೆ ನನಗೆ ಭಯ. ಅಪ್ಪ ಚಪ್ಪಲಿ ಬಿಡುವಾಗಲೇ, "ಪುರಾಣ ಎಲ್ಲಿ ತನಕ ಬಂತು?" ಎಂದು ಕೇಳುತ್ತಿದ್ದರು. "ನಡದದ," ಅನ್ನುತ್ತಿದ್ದಳು ಆಯಿ. ಶಿವರಾತ್ರಿಗೆ ರಜೆ ಸಿಕ್ಕಿ ಅಪ್ಪ ಮಧ್ಯಾಹ್ನವೂ ಮನೆಯಲ್ಲಿದ್ದರು. ಕಂಬಕ್ಕೆ ಒರಗಿ ಕುಳಿತು ಕೇಳಿದರು. ಅಕ್ಕ ಅಂದು ಕುದುರೆಯನ್ನು ಬೆಂಕಿಯ ಕಾಡು ದಾಟಿಸುತ್ತಿದ್ದಳು. ದಾಟಿಸುವ ಭರದಲ್ಲಿ ಹಾಳೆ ತಿರುವುವುದನ್ನು ಮರೆತಳು. ಅಪ್ಪ ಮುಂದಕ್ಕೆ ಬಾಗಿ ಪುಸ್ತಕದ ಕಡೆ ನೋಡಿದರು. ಗುಮಾಸ್ತರ ಕಣ್ಣು ಅವರದು. ನಾನು ಹೂಂ ಅನ್ನುವುದನ್ನೇ ಮರೆತೆ. ಆಗ ಮೂಲೆಯಿಂದ, ಬತ್ತಿ ಹೊಸೆಯುತ್ತಲೇ ಆಯಿ ಹೇಳಿದಳು:

"ಗೌರಿ, ಹಾಳಿ ತಿರುವಿದ ಸಪ್ಪಳ ಕೇಳಸ್ವಲ್ದು ನನಗ. ಗಾಳೀಗಿ ಹಿಂದಕ ಸರದಿರಬೇಕು ನೋಡು. ತಿರುವು."

ಅಕ್ಕನ ಕೈ ನಿಂತುಬಿಟ್ಟಿತು. ಪಡಸಾಲೆಯಲ್ಲಿ ಗಾಳಿ ಇರಲಿಲ್ಲ. ಆಮೇಲೆ ಅವಳು ಹಾಳೆ ತಿರುವಿದಳು, ಎಲ್ಲರಿಗೂ ಕೇಳುವ ಹಾಗೆ. ಅಪ್ಪ ಮತ್ತೆ ಕಂಬಕ್ಕೆ ಒರಗಿದರು. ಕಣ್ಣಿಲ್ಲದ ಆಯಿಗೆ ಎಂದಿನಿಂದ ಗೊತ್ತಿತ್ತು ಎಂದು ನಾವು ಕೇಳಲಿಲ್ಲ. ಅಕ್ಕ ಆ ಸಂಜೆ ಆಯಿಯ ಕಾಲು ಒತ್ತುತ್ತ ಬಹಳ ಹೊತ್ತು ಕುಳಿತಿದ್ದಳು.

ಶಿವರಾತ್ರಿ ಕಳೆದ ಮೇಲೆ ಬಿಸಿಲು ಏರಿತು, ಆಯಿ ಇಳಿದಳು. ಮೊದಲು ರೊಟ್ಟಿ ಬಿಟ್ಟಳು, ಆಮೇಲೆ ಗಂಜಿ. ಬತ್ತಿ ಹೊಸೆಯುವ ಬೆರಳು ಬರಿದೇ ಆಡುತ್ತಿತ್ತು. ಎದೆಯಲ್ಲಿ ಉಸಿರು ಹಗ್ಗದಂತೆ ಎಳೆಯುತ್ತಿತ್ತು. ಹೋಗಲಿಲ್ಲ, ಇರಲೂ ಇಲ್ಲ. ಅಪ್ಪನನ್ನು ಕರೆಸಿದರು. ಓಣಿಯ ಹಿರಿಯರು ಬಂದು ಕುಳಿತರು. ಬಾಯಿಗೆ ನೀರು ಬಿಟ್ಟರು, ಮಗನ ಕೈಯಿಂದ ಹಾಲು ಬಿಡಿಸಿದರು. ಮಹಬೂಬಬೀ ಬಂದು ಬುಟ್ಟಿ ಹೊರಗಿಟ್ಟು ಕಟ್ಟೆಯ ಮೇಲೆ ಕುಳಿತಳು. ಆ ಯಾತನೆಯನ್ನು ನೋಡಲಾರದೆ ಹಿರಿಯರಲ್ಲೊಬ್ಬರು ಕೇಳಿದರು:

"ಜೀವ ಎದರಾಗೋ ಸಿಕ್ಕೊಂಡದ. ಏನರೆ ಹಚ್ಚಿದ್ದು ಅರ್ಧಕ್ಕ ಉಳದದೇನು?"

ಅಪ್ಪನೇ ಮೆಲ್ಲಗೆ, "ಪುರಾಣ ಉಳದದ," ಅಂದರು.

"ಮತ್ತ ಮುಗಸ್ರಲಾ! ಕೇಳೋ ಜೀವ, ಮಂಗಳ ಆಗದ ಹೆಂಗ ಹೋಗಬೇಕದು?"

ಎಲ್ಲರೂ ಅಕ್ಕನನ್ನು ನೋಡಿದರು. ಉಗಾದಿ ಇನ್ನೂ ಬಂದಿರಲಿಲ್ಲ, ಆದರೆ ದೂರವೂ ಇರಲಿಲ್ಲ. ಓದು ಎಂದು ಅಪ್ಪ ಹೇಳಲಿಲ್ಲ. ಅವ್ವ ಹೇಳಲಿಲ್ಲ. ಅಕ್ಕ ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದಳು. ವ್ಯಾಸಪೀಠ ತಂದು ಆಯಿಯ ತಲೆಯ ಬಳಿ ಇಟ್ಟಳು. ಕುಂಕುಮ ಹಚ್ಚಿದಳು. ಬೆಳಕಿನ ಚೌಕ ಆಗ ತಾನೇ ಕಂಬದ ಬುಡ ಮುಟ್ಟಿತ್ತು. ಹಾಸಿಗೆಯವರೆಗೆ ಬಂದಿರಲಿಲ್ಲ. ಅವಳು ಕತ್ತಲಲ್ಲೇ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಕೊನೆಯ ಹಾಳೆ ಓದಿದಳು. ಬಹಳ ದಿನಗಳ ಮೇಲೆ ಅಚ್ಚಾದ ಮಾತನ್ನು ಓದುತ್ತಿದ್ದಳು. ಅರ್ಥ ಹೇಳಲಿಲ್ಲ.

ಲಿಯಾನಾ ದ್ವೀಪಕ್ಕೆ ಮರಳಿದಳು. ನಾನು ಹೂಂ ಅಂದೆ. ಶಾಪ ಬಿಟ್ಟಿತು, ತಾಯಿ ಮಗನನ್ನು ಗುರುತಿಸಿದಳು. ಹೂಂ ಅಂದೆ. ಮದುವೆಯ ಗಂಟೆಗಳು ಮೊಳಗಿದವು. ಹೂಂ ಅಂದೆ. ಲಿಯಾನಾ ಕುದುರೆಯ ಕಡಿವಾಣ ಬಿಚ್ಚಿ ಅದನ್ನು ಸಮುದ್ರದ ಕಡೆಗೆ ಬಿಟ್ಟುಬಿಟ್ಟಳು.

ಇನ್ನು ಒಂದು ಸಾಲು ಉಳಿದಿರುವುದು ಅಕ್ಕನ ಮುಖದಿಂದ ಗೊತ್ತಾಗುತ್ತಿತ್ತು. ನಾನು ಬಾಯಿ ಬಿಗಿದು ಕುಳಿತೆ. ನಾನು ಹೂಂ ಅನ್ನದಿದ್ದರೆ ಅವಳು ಮುಂದೆ ಓದುವಂತಿಲ್ಲ. ಓದದಿದ್ದರೆ ಮುಗಿಯುವುದಿಲ್ಲ. ಮುಗಿಯದಿದ್ದರೆ ಆಯಿಯೂ ಹೋಗುವುದಿಲ್ಲ, ಅಕ್ಕನೂ ಹೋಗುವುದಿಲ್ಲ. ಅಷ್ಟೇ ಲೆಕ್ಕ ನನ್ನದು.

"ಹೂಂ ಅನ್ನವ್ವ," ಅಂದಳು ಅವ್ವ. ನಾನು ಅನ್ನಲಿಲ್ಲ. ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟರು. ಆಗಲೂ ಅನ್ನಲಿಲ್ಲ. ಅಕ್ಕ ಕಾಯುತ್ತಿದ್ದಳು. ಅವಳೂ ಒತ್ತಾಯ ಮಾಡಲಿಲ್ಲ. ಆಯಿಯ ಎದೆ ಏರಿ ಇಳಿಯುವ ಸಪ್ಪಳವೊಂದೇ ಪಡಸಾಲೆಯಲ್ಲಿ.

ಆ ಸಪ್ಪಳ ನಿಂತಂತಾಯಿತು. ಆಮೇಲೆ, ಬಹಳ ಕೆಳಗಿನಿಂದ ಬಂದಂತೆ, ಆಯಿಯ ದನಿ ಕೇಳಿತು.

"ಹೂಂ."

ಅಕ್ಕ ಕೊನೆಯ ಸಾಲು ಓದಿದಳು: "ಇನ್ನು ಅವಳಿಗೆ ಕುದುರೆಯ ಅಗತ್ಯವಿರಲಿಲ್ಲ."

ಅವ್ವ ಆಯಿಯೇ ಹೊಸೆದ ಬತ್ತಿ ಹಾಕಿ ಆರತಿ ಎತ್ತಿದಳು. ಬೆಳಕಿನ ಚೌಕ ಕಂಬ ಹತ್ತಿ ಮಸುಕಾಗುವ ಮೊದಲೇ ಆಯಿ ಹೋದಳು.

ಮುದುಕರು ಹೋದ ಮನೆಯಲ್ಲಿ ವರ್ಷದೊಳಗೆ ಒಂದು ಲಗ್ನ ಆಗಬೇಕು ಎಂಬ ಮಾತು ನಮ್ಮ ಕಡೆ ಇದೆ. ಮಾನವಿಯವರು ಕಾದರು. ಅಕ್ಕನ ಲಗ್ನದ ಬಳೆಗಳನ್ನು ಮಹಬೂಬಬೀಯೇ ಇಡಿಸಿದಳು. ಒಂದೊಂದೇ ಬಳೆ ಏರಿಸುವಾಗ ಯಾವತ್ತೂ ಹಾಡಿದಂತೆ ಮಾತಾಡುವವಳು ಅಂದು ಸುಮ್ಮನಿದ್ದಳು. ಕೈ ನೊಂದಿತೇನು ಎಂದು ಮಾತ್ರ ಕೇಳಿದಳು.

ಕೆಲವು ವರ್ಷಗಳ ಮೇಲೆ ನಾನು ರಾಯಚೂರಿನಲ್ಲಿ ಶಿಕ್ಷಕಿಯ ತರಬೇತಿಗೆ ಸೇರಿದೆ. ಒಂದು ಭಾನುವಾರ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಮಾನವಿಯ ಬಸ್ಸು ಹತ್ತಿದೆ. ಅಕ್ಕನ ಮನೆ ಅಂಗಡಿಯ ಹಿಂದೆಯೇ. ಪಡಸಾಲೆಗೆ ದೊಡ್ಡ ಕಿಟಕಿ ಇತ್ತು. ದಿನವಿಡೀ ಓದುವಷ್ಟು ಬೆಳಕು. ಭಾವ ಒಳ್ಳೆಯ ಮನುಷ್ಯ. ನನಗೆ ಕುರ್ಚಿ ಹಾಕಿಸಿದರು. ಅವರು ಅಕ್ಕನ ಮೇಲೆ ಒಮ್ಮೆಯೂ ಕೈ ಎತ್ತಿದವರಲ್ಲ. ಕ್ಷಮಿಸು ಎಂದವರೂ ಅಲ್ಲ.

ಪುಸ್ತಕ ಕೊಟ್ಟೆ. ಅಕ್ಕ ಕೈ ಒರೆಸಿಕೊಂಡು ತೆಗೆದುಕೊಂಡು, ಕಣ್ಣಿಗೆ ಒತ್ತಿ, ದೇವರ ಗೂಡಿನಲ್ಲಿ ಇಟ್ಟಳು. ತೆರೆಯಲಿಲ್ಲ.

"ಓದಕ್ಕಾ. ಒಂದು ಹಾಳಿ."

"ಎಲ್ಲಿ ಓದ್ಲಿ ಬೇ. ಎಲ್ಲಾ ಮರತದ."

"ಬೆಂಕಿ ಕಾಡು? ಬಳಿಗಾರ್ತಿ?"

ಅವಳು ನಕ್ಕು ಮೊರದ ಮುಂದೆ ಕುಳಿತಳು. ಅಂಗಡಿಯಿಂದ ಭಾವ ಚಹಾ ಕೇಳಿದರು. "ಹೂಂ," ಅಂದಳು. ದೊಡ್ಡ ಮಗ ಶಾಲೆಯ ಅಂಗಿಗೆ ಗುಂಡಿ ಹಚ್ಚೆಂದು ಹೇಳಿ ಹೋದ. "ಹೂಂ," ಅಂದಳು. ಒಳಗಿನಿಂದ ಅತ್ತೆ ಏನೋ ಕೇಳಿದರು. ಏನೆಂದು ನನಗೆ ಕೇಳಿಸಲಿಲ್ಲ. ಅವಳಿಗೂ ಕೇಳಿಸಿರಲಾರದು. ಅದಕ್ಕೂ "ಹೂಂ," ಅಂದಳು.

ನಾನು ಕುರ್ಚಿ ಬಿಟ್ಟು ಅವಳ ಪಕ್ಕ ನೆಲದ ಮೇಲೆ ಕುಳಿತೆ. ಅವಳ ಮೊರದಿಂದ ಒಂದು ಹಿಡಿ ಅಕ್ಕಿ ತೆಗೆದುಕೊಂಡು ಕಲ್ಲು ಆರಿಸುತ್ತ, ಪುಸ್ತಕದಲ್ಲಿ ಇಲ್ಲದ, ಅವಳೂ ಎಂದೂ ಹೇಳಿರದ ಜಾಗದಿಂದ ಶುರು ಮಾಡಿದೆ.

"ಕಡಿವಾಣ ಬಿಚ್ಚಿ ಬಿಟ್ಟಿದ್ಲಲ್ಲ, ಆ ಕುದುರಿ ಬಾಳ ದಿವಸ ಸಮುದ್ರದ ದಂಡಿಮ್ಯಾಲೆ ನಿಂತಿತ್ತಂತ. ಆಮ್ಯಾಲೆ ಆಕಿನ್ನ ಹುಡುಕ್ಕೋಂತ ಗೂಗಲ್ಲಿನ ಹೊಳಿ ದಾಟಿ ಈ ಕಡೀಗಿ ಬಂತಂತ."

ಅಕ್ಕನ ಬೆರಳು ಅಕ್ಕಿಯ ಮೇಲೆ ನಿಂತಿತು. ಅವಳು ತಲೆ ಎತ್ತಲಿಲ್ಲ. ನಾನು ಕಾದೆ.

"ಹೂಂ," ಅಂದಳು.